ಪ್ರ: ಕೊಡಗಿನ ಸಿದ್ದಾಪುರ ಹತ್ರ ಹೆಂಗಸ್ರ ವಾಕಿಂಗ್ ಗುಂಪು ಎರಡೇ ವಾರಕ್ಕೆ ಯಾಕೆ ನಿಂತೋಯ್ತು?

ಉ: ವಾಕಿಂಗ್ ಬೆಳಗ್ಗೆ ಆರಕ್ಕೆ ಇಟ್ಟಿದ್ದೇ ಕಾರಣ ಇರ್ಬೇಕು. ಆ ಹೊತ್ತಿಗೆ ಅಡುಗೆ, ಮಕ್ಕಳ ಸ್ಕೂಲು, ಆಮೇಲೆ ತೋಟದ ಕೆಲ್ಸ, ಮೇಲಿಂದ ನಿಮ್ಮ ಕಡೆ ಮಂಜಲ್ಲಿ ಕಾಫಿ ಗಿಡದ ಮಧ್ಯೆ ಆನೆ ನಿಂತಿದ್ರೂ ಕಾಣಲ್ಲ, ಯಾವ ಧೈರ್ಯದ ಮೇಲೆ ಬರ್ತಾರೆ ಹೇಳಿ. ನಮ್ಮೂರಲ್ಲೂ ಹಿಂಗೇ ಆಗಿತ್ತು.

ಮೊದ್ಲು ಟೈಮ್ ಬದಲಾಯ್ಸಿ, ಸಂಜೆ ನಾಲ್ಕೂವರೆಗೆ ಶುರು, ಐದೂಕಾಲಿಗೆಲ್ಲಾ ಮನೆ ಸೇರಿರ್ಬೇಕು. ತೋಟದ ರಸ್ತೆ ಬಿಟ್ಟು ಶಾಲೆ ಮೈದಾನಕ್ಕೆ ಬನ್ನಿ, ಜಿಗಣೆ ಕಾಟವೂ ಕಮ್ಮಿ, ಜೋರು ಮಳೆ ಬಂದ್ರೆ ಹೆಡ್‌ಮಾಸ್ಟ್ರನ್ನ ಕೇಳಿ ಜಗಲಿಯಲ್ಲೇ ನಡೀಬಹುದು. ವಾರಕ್ಕೆ 150 ನಿಮಿಷ ಸಾಕು, ಅಂದ್ರೆ 30 ನಿಮಿಷ ಐದು ದಿನ, ಒಂದೇ ಸಲ ಆಗದವ್ರು ಹತ್ತತ್ತು ನಿಮಿಷ ಮಾಡ್ಲಿ. ಮಂಡಿ ನೋವು, ಎದೆ ನೋವು ಇರೋರು ಡಾಕ್ಟ್ರನ್ನ ಕೇಳಿಯೇ ಬರ್ಲಿ.

ಊಟದ ವಿಷ್ಯಕ್ಕೆ ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಿಡಿ ಅಂದ್ರೆ ಯಾರೂ ಕೇಳಲ್ಲ, ಬಿಡಿಸೋದೂ ಬೇಡ. ನಾಲ್ಕು ಕಡಂಬುಟ್ಟು ತಿನ್ನೋರು ಎರಡು ತಿಂದು ಪಕ್ಕದಲ್ಲಿ ಕೆಸುವಿನ ಸೊಪ್ಪೋ ಹೆಸರುಕಾಳೋ ಜಾಸ್ತಿ ಹಾಕ್ಕೊಳ್ಲಿ. ಉಪ್ಪು ಒಬ್ರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದ್ರೆ ಒಂದು ಟೀ ಚಮಚ, ಉಪ್ಪಿನಕಾಯಿದೂ ಸೇರಿಸಿ.

ಕಾಫಿ ಕೊಯ್ಲು ಟೈಮಲ್ಲಿ ಬರ್ಲಿಲ್ಲ ಅಂತ ಬೈಬೇಡಿ, ದಿನಪೂರ್ತಿ ನಿಂತು ದುಡ್ದಿರ್ತಾರೆ. ಈ ಸೋಮವಾರ ನಾಲ್ಕೇ ಜನ ಬಂದ್ರೂ ಶುರು ಮಾಡ್ಬಿಡಿ.