ಕೋಣೆ ಉಳಿಯಿತು, ಅಂಗಳ ಹೋಯಿತು

ಬ್ರಹ್ಮಾವರದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಮಗಳ ಬಾಣಂತನಕ್ಕೆ ಇದು ಏಳನೇ ವಾರ. ಮಗು ಚೆನ್ನಾಗಿದೆ, ಆದರೆ ಮಗಳು ಸುಮ್ಸುಮ್ನೆ ಅಳ್ತಾಳೆ, ಮಗು ಮಲಗಿದರೂ ಅವಳಿಗೆ ನಿದ್ದೆ ಇಲ್ಲ. ಬಾಣಂತಿಯನ್ನು ದಿನಾ ಸ್ವಲ್ಪ ಹೊತ್ತು ಹೊರಗೆ ಕರೆದುಕೊಂಡು ಬನ್ನಿ ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದು ಅವರಿಗೆ ಸಿಟ್ಟು ತರಿಸಿದೆ. “ನಾವೆಲ್ಲ ನಲವತ್ತು ದಿನ ಕೋಣೆಯಲ್ಲೇ ಇದ್ದವರು, ನಮಗೇನೂ ಆಗಲಿಲ್ಲ. ಆಟಿ ಮಳೆಯಲ್ಲಿ ಹೊರಗೆ ಬಿಟ್ಟು ಶೀತ ಆದರೆ ನೀವು ಬಂದು ನೋಡ್ತೀರಾ? ಮರ ನೋಡಿದರೆ ಮನಸ್ಸಿನ ಕಾಯಿಲೆ ವಾಸಿ ಆಗ್ತದಾ?”

ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೇನೆ. ಇಲ್ಲ, ಮರ ನೋಡಿದರೆ ಮಾತ್ರ ವಾಸಿ ಆಗುವುದಿಲ್ಲ. ಹೆತ್ತ ಮೂರ್ನಾಲ್ಕು ದಿನಕ್ಕೆ ಬರುವ ಅಳು ಎರಡು ವಾರದೊಳಗೆ ತಾನಾಗಿ ಹೋಗಬೇಕು. ನಿಮ್ಮ ಮಗಳಿಗೆ ಏಳನೇ ವಾರ. ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೆತ್ತ ಮೇಲೆ ಬರುವ ಖಿನ್ನತೆ ಇದೆಯಾ ಅಂತ ನೋಡಲು ಎಡಿನ್‌ಬರೋ ಮಾಪಕ ಅಂತ ಹತ್ತೇ ಪ್ರಶ್ನೆಗಳದ್ದು ಒಂದುಂಟು, 1987ರಿಂದ ಬಳಕೆಯಲ್ಲಿದೆ, ಐದು ನಿಮಿಷದ ಕೆಲಸ. ಮನಸ್ಸಿನ ಆರೋಗ್ಯಕ್ಕೆ ಅಂತಲೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬದುಕೇ ಬೇಡ ಅಂತಲೋ, ಮಗುವಿಗೆ ಏನಾದರೂ ಮಾಡಿಬಿಡ್ತೇನೆ ಅಂತಲೋ ಒಂದು ಮಾತು ಅವಳ ಬಾಯಲ್ಲಿ ಬಂದರೆ ನಾಳೆಗೆ ಅಂತ ಇಡಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ನಲವತ್ತು ದಿನದ ಬಾಣಂತನ ಕೆಟ್ಟದ್ದು ಅಂತ ನಾನು ಹೇಳಿಲ್ಲ. ಎಣ್ಣೆ, ಬಿಸಿನೀರು, ಹೊತ್ತಿಗೆ ಸರಿಯಾಗಿ ಊಟ, ಕಸಪೊರಕೆ ಮುಟ್ಟದ ವಿಶ್ರಾಂತಿ, ಇವೆಲ್ಲ ಬೇಕು. ಸರಿ. ಆದರೆ “ನಮಗೇನೂ ಆಗಲಿಲ್ಲ” ಅಂತೀರಲ್ಲ, ಆಗ ನಿಮ್ಮನ್ನು ಯಾರಾದರೂ ಕೇಳಿದ್ದರಾ? ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟಿಗಿಟ್ಟು 2017ರಲ್ಲಿ ಲೆಕ್ಕ ಹಾಕಿದಾಗ ಹೆತ್ತ ನೂರು ಹೆಂಗಸರಲ್ಲಿ ಸುಮಾರು 22 ಜನರಿಗೆ ಈ ಖಿನ್ನತೆ ಕಂಡಿತ್ತು. ನಮ್ಮ ಕಾಲದಲ್ಲಿ ಇದಕ್ಕೆ ಹೆಸರಿರಲಿಲ್ಲ, ಅಷ್ಟೆ.

ಇನ್ನೊಂದು, ಹಿಂದಿನ ಬಾಣಂತಿ ನಿಜವಾಗಿ ಕೋಣೆಯಲ್ಲೇ ಇದ್ದಳಾ? ನೆನಪು ಮಾಡಿಕೊಳ್ಳಿ. ಬಚ್ಚಲು ಎಲ್ಲಿತ್ತು? ಮನೆಯ ಹಿಂದೆ, ಬಾವಿಕಟ್ಟೆ ಹತ್ತಿರ. ಸ್ನಾನಕ್ಕೆ ಅಂತ ಅಂಗಳ ದಾಟಿ ಹೋಗಬೇಕು, ಹಟ್ಟಿಯಲ್ಲಿ ದನ ತಲೆ ಎತ್ತಿ ನೋಡಬೇಕು, ಬಾಳೆಗಿಡದಲ್ಲಿ ಹಕ್ಕಿ ಕೂಗಬೇಕು. ದಿನಕ್ಕೊಮ್ಮೆ ಆಕಾಶ ತಲೆ ಮೇಲೆ ಬರುತ್ತಿತ್ತು. ಈಗ ಮಲಗುವ ಕೋಣೆಗೇ ಬಚ್ಚಲು ಅಂಟಿಕೊಂಡಿದೆ. ನಾವು ಕೋಣೆಯನ್ನು ಸಂಪ್ರದಾಯ ಅಂತ ಉಳಿಸಿಕೊಂಡೆವು, ಅಂಗಳವನ್ನು ಬಿಟ್ಟೆವು.

ನನ್ನದೇ ಕತೆ ಹೇಳ್ತೇನೆ. ಮೊದಲ ಮಗುವಾದಾಗ ನಾವು ಮಂಗಳೂರಲ್ಲಿ ಫ್ಲ್ಯಾಟಿನಲ್ಲಿದ್ದೆವು. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಮಳೆಗೆ ಪಾಚಿ ಹಿಡಿದದ್ದು. ಆ ಪಾಚಿ ಯಾವ ದಿನ ಎಷ್ಟು ಮೇಲೆ ಏರಿತು ಅಂತ ನನಗೆ ಗೊತ್ತಿತ್ತು, ಮಗು ಯಾವಾಗ ನಕ್ಕಿತು ಅಂತ ಗೊತ್ತಿರಲಿಲ್ಲ. ತಪಾಸಣೆಗೆ ಹೋದರೆ ಹೊಲಿಗೆ ನೋಡಿದರು, ಮಗುವನ್ನು ತೂಗಿದರು, ನೀನು ಹೇಗಿದ್ದೀಯಾ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಕಾರ್ಕಳದ ದೊಡ್ಡಮ್ಮ ಬಂದು ನನ್ನನ್ನೂ ಮಗುವನ್ನೂ ಅವರ ಮನೆಗೆ ಕರೆದುಕೊಂಡು ಹೋದರು. ದಿನಾ ಬೆಳಿಗ್ಗೆ ಹಂಡೆ ಒಲೆಗೆ ಮಡಲು ತುರುಕುತ್ತಾ ಪಕ್ಕದಲ್ಲೇ ಒಂದು ಮಣೆ ಹಾಕಿ ಕೂರಿಸುತ್ತಿದ್ದರು. ಏನೂ ಮಾತಾಡ್ತಿರಲಿಲ್ಲ. ಮಾಡಿನಿಂದ ನೀರು ಇಳಿದು ಕೆಂಪುಕಲ್ಲಿನ ಮೇಲೆ ಬಿದ್ದು ಸಾಲಾಗಿ ಸಣ್ಣ ಸಣ್ಣ ಗುಳಿಗಳಾಗಿದ್ದವು. ಒಂದು ದಿನ ಕೆಂಬೂತವೊಂದು ತೋಟದಿಂದ ಬಂದು ಆ ಗುಳಿಯ ನೀರು ಕುಡಿಯಿತು. ಅದರ ಕೆಂಪು ಕಣ್ಣು ಇನ್ನೂ ನೆನಪಿದೆ. ಐದು ವಾರದಲ್ಲಿ ನಾನು ನನ್ನನ್ನು ಮರೆತು ನೋಡಿದ ಮೊದಲ ವಸ್ತು ಅದು.

ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಬಹಳ ವರ್ಷದ ಮೇಲೆ ಓದಿದಾಗ ನನಗೆ ಆ ಪಾಚಿಗೋಡೆಯೇ ಕಣ್ಣ ಮುಂದೆ ಬಂತು. ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರದ್ದರಿಂದ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ನೋವಿನ ಜೋರು ಮದ್ದು ಅವರಿಗೆ ಕಡಿಮೆ ಸಾಕಾಯಿತು. ಅದು ಹೆರಿಗೆಯಲ್ಲ, ಒಪ್ತೇನೆ. ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿ 2019ರಲ್ಲಿ ಬಂದ ವರದಿ ವಾರಕ್ಕೆ 120 ನಿಮಿಷ ಹಸಿರಿನ ನಡುವೆ ಕಳೆಯುವವರು ಹೆಚ್ಚು ಚೆನ್ನಾಗಿದ್ದೇವೆ ಅಂದದ್ದನ್ನು ದಾಖಲಿಸಿದೆ, ಅದೂ ಬಾಣಂತಿಯರದ್ದಲ್ಲ. ಆದರೆ ಬೆಳಗಿನ ಬೆಳಕು ನಿದ್ದೆಯ ಗಡಿಯಾರವನ್ನು ಸರಿ ಮಾಡ್ತದೆ ಅನ್ನುವುದು ಎಲ್ಲರಿಗೂ ಒಂದೇ, ಮತ್ತು ರಾತ್ರಿಯಿಡೀ ಎದ್ದೇ ಇರುವ ನಿಮ್ಮ ಮಗಳಿಗಿಂತ ಅದು ಜಾಸ್ತಿ ಬೇಕಾದವರು ಯಾರು? ಮೋಡ ಮುಸುಕಿದ ದಿನ ಕೂಡ ಹೊರಗಿನ ಬೆಳಕು ನಮ್ಮ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಹೊರಗೆ ಅಂದರೆ ಎಲ್ಲಿಗೆ ಅಂತ ಕೇಳ್ತೀರಿ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮಲ್ಪೆ, ಪಡುಕೆರೆ, ತಣ್ಣೀರುಬಾವಿಯ ಬೀಚುಗಳು, ಕದ್ರಿ ಪಾರ್ಕ್, ಮಣಿಪಾಲದ ಮಣ್ಣಪಳ್ಳ ಕೆರೆ, ಇಷ್ಟೆಲ್ಲ ಇರುವ ಜಿಲ್ಲೆಗಳು ನಮ್ಮವು. ಆದರೆ ಮಗು ಎತ್ತಿಕೊಂಡ ಹೆಂಗಸು ಮನೆಯಿಂದ ಅಲ್ಲಿಗೆ ನಡೆದು ಹೋಗುವ ಫುಟ್‌ಪಾತ್ ಎಲ್ಲಿದೆ? ಸ್ಕೂಟರ್ ನಿಂತಿರ್ತದೆ, ಇಲ್ಲದಿದ್ದರೆ ಚರಂಡಿ ಬಾಯಿ ತೆರೆದಿರ್ತದೆ. ಹೋದ ಮೇಲೆ ಹಾಲು ಕುಡಿಸಲು ಒಂದು ಮರೆ ಬೇಕಲ್ವಾ? ಶೌಚಾಲಯ? ಊರು ಕಟ್ಟುವವರು ಬಾಣಂತಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಸರ್ಕಾರ 2017ರಲ್ಲಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು, ಒಳ್ಳೆಯದಾಯಿತು. ಆ 26 ವಾರ ಕಳೆಯಲು ನಾಲ್ಕು ಗೋಡೆ ಬಿಟ್ಟರೆ ಜಾಗ ಕೊಟ್ಟವರಿಲ್ಲ. ಇನ್ನು ಮನೆ ಅಂಗಳ, ಕೆಸರಾಗ್ತದೆ ಅಂತ ಎಲ್ಲ ಕಡೆ ಇಂಟರ್‌ಲಾಕ್. ನೀವೂ ಹೋದ ವರ್ಷ ಹಾಕಿಸಿದಿರಂತೆ, ಹಿಂದೆ ಬಾವಿ ಹತ್ತಿರ ಒಂದು ಬಿಂಬುಳಿ ಮರ ಮಾತ್ರ ಉಳಿದಿದೆ ಅಂತ ಬರೆದಿದ್ದೀರಿ.

ನನಗೆ ಆ ಬಿಂಬುಳಿ ಮರ ಸಾಕು ಅಕ್ಕಾ. ಬೀಚಿಗೆ ಕಳಿಸಬೇಡಿ. ನಾಳೆ ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದಾಗ ಅದರ ಕೆಳಗೆ ಒಂದು ಕುರ್ಚಿ ಹಾಕಿ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟುವುದಿದ್ದರೆ ಕಟ್ಟಿ, ನನ್ನದೇನೂ ತಕರಾರಿಲ್ಲ. ಕಾಲಿಗೆ ಚಪ್ಪಲಿ ಇರಲಿ, ಅಂಗಳ ಜಾರ್ತದೆ. ಮಗುವನ್ನು ಸೊಳ್ಳೆಪರದೆಯೊಳಗೆ ನೀವು ನೋಡಿಕೊಳ್ಳಿ, ಅವಳು ಬರಿಗೈಯಲ್ಲಿ ಹೋಗಲಿ. ಇಪ್ಪತ್ತು ನಿಮಿಷ. ಹಾಲು ಕುಡಿದೆಯಾ, ಲೇಹ ತಿಂದೆಯಾ ಅಂತ ನಡುವೆ ಕರೆಯಬೇಡಿ. ಬಿಂಬುಳಿಗೆ ಹೂವು ಕಾಂಡದಲ್ಲೇ ಬಿಡ್ತದಲ್ಲ, ಕೆಂಪಗೆ, ಕೂತವಳ ಕಣ್ಣಿನ ಮಟ್ಟಕ್ಕೇ ಇರ್ತದೆ. ಡಾಕ್ಟರು ಏನು ಹೇಳಿದರು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ, ನಾನು ಕಾಯ್ತಾ ಇರ್ತೇನೆ.