ಮನೆ–ಮಾಳಿಗೆ: ನಿಮ್ಮ ಪ್ರಶ್ನೆ, ಎಂಜಿನಿಯರ್ ಉತ್ತರ

ಪ್ರಶ್ನೆ: ಮೇಡಂ, ನಮ್ಮದು ಕಲಬುರಗಿಯಲ್ಲಿ ಆರ್‌ಸಿಸಿ ಮನೆ. ಬೇಸಿಗೆಯಲ್ಲಿ ಮೇಲಿನ ಕೋಣೆಯಲ್ಲಿ ರಾತ್ರಿ ಮಲಗಲು ಆಗುವುದಿಲ್ಲ, ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಬರುತ್ತದೆ. ಗೌಂಡಿ ಥರ್ಮಾಕೋಲ್ ಇಟ್ಟು ಪಿಒಪಿ ಸೀಲಿಂಗ್ ಮಾಡಿಸಿ ಅನ್ನುತ್ತಾನೆ. ಅಂಗಡಿಯವರು ಬೆಳ್ಳಿ ಬಣ್ಣದ ಬಬಲ್ ಶೀಟನ್ನು ಸ್ಲ್ಯಾಬಿನ ಕೆಳಗೆ ಅಂಟಿಸಿ, ಮೇಲೆ ಪಿಒಪಿ ಹೊಡೆಸಿ ಅನ್ನುತ್ತಾರೆ. ಪಕ್ಕದ ಕಾರ್ ಶೆಡ್ಡಿಗೆ ಪತ್ರಾಸ್ ಹೊದಿಸಿದೆ, ಇನ್ವರ್ಟರೂ ಅಲ್ಲೇ ಇದೆ. ಅದಕ್ಕೂ ಏನಾದರೂ ತುಂಬಿಸಬೇಕೇ?
– ಓದುಗರು, ಕಲಬುರಗಿ

ಉತ್ತರ: ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಸೀಲಿಂಗಿಗೆ ಅಂಗೈ ಒತ್ತಿ ನೋಡಿ. ಬೆಚ್ಚಗಿದ್ದರೆ ತಪ್ಪು ಫ್ಯಾನಿನದಲ್ಲ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬ್ ಆ ಹೊತ್ತಿಗೆ ಕೆಳಗೆ ಶಾಖ ಬಿಡುತ್ತಿರುತ್ತದೆ. ಹಾಗಾಗಿ ತಡೆ ಸ್ಲ್ಯಾಬಿನ ಮೇಲೆ ಇರಬೇಕು. ಕೆಳಗೆ ಸೀಲಿಂಗ್ ಮಾಡಿಸಿದರೆ ಸ್ವಲ್ಪ ಅನುಕೂಲವಾದೀತು, ಆದರೆ ಸ್ಲ್ಯಾಬ್ ಕಾಯುವುದು ನಿಲ್ಲದು. ಜೊತೆಗೆ ಮಳೆಗಾಲದಲ್ಲಿ ಎಲ್ಲಿ ಸೋರುತ್ತಿದೆ ಎಂಬುದೂ ಕಾಣದು. ನಿಮ್ಮ ಕಡೆಯ ಹಳೇ ಮನೆಗಳ ಮಾಳಿಗೆಗೆ ಮಣ್ಣು ಹೊರಿಸುತ್ತಿದ್ದದ್ದೂ ಮೇಲೆಯೇ.

ಮೊದಲು ಕಡಿಮೆ ಖರ್ಚಿನದು. ತಾರಸಿ ತೊಳೆದು, ಬಿರುಕು ತುಂಬಿಸಿ, ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಕೂಲ್ ರೂಫ್ ಬಣ್ಣವನ್ನು ಎರಡು ಕೋಟ್ ಹೊಡೆಸಿ. ಒಂದು ಕೋಟ್ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಸುಣ್ಣವೂ ಆಗುತ್ತದೆ, ಆದರೆ ಮಳೆಗೆ ತೊಳೆದುಹೋಗುತ್ತದೆ. ನಿಮ್ಮೂರ ದೂಳಿಗೆ ಯಾವ ಬಿಳುಪೂ ಮಾಸುತ್ತದೆ, ಪ್ರತಿವರ್ಷ ಯುಗಾದಿಗೆ ಮುಂಚೆ ತೊಳೆಯಲೇಬೇಕು.

ಇಷ್ಟಕ್ಕೂ ತಣಿಯದಿದ್ದರೆ ತಾರಸಿಯ ಮೇಲೆ ಎಕ್ಸ್‌ಪಿಎಸ್ ಹಲಗೆ, ಅಂದರೆ ಶಾಖ ತಡೆಯುವ ಗಟ್ಟಿ ಫೋಮ್ ಹಲಗೆ, ಹಾಕಿಸಿ. ಎರಡು ಇಂಚಿನ ಹಲಗೆ ತಡೆಯುವ ಶಾಖವನ್ನು ಕಾಂಕ್ರೀಟೇ ತಡೆಯಬೇಕೆಂದರೆ ಆರಡಿಗೂ ಮಿಕ್ಕಿದ ದಪ್ಪ ಬೇಕು! ಟಿವಿ ಡಬ್ಬದಲ್ಲಿ ಬರುವಂಥ ಹಗುರ ಥರ್ಮಾಕೋಲ್ ಇಲ್ಲಿ ಬೇಡ, ಓಡಾಟಕ್ಕೆ ಕುಸಿಯುತ್ತದೆ, ನೀರನ್ನೂ ಹೀರುತ್ತದೆ. ಕ್ರಮ ತಪ್ಪಬಾರದು: ಮೊದಲು ವಾಟರ್‌ಪ್ರೂಫಿಂಗ್, ಆಮೇಲೆ ಒಂದೆರಡು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷೆ. ಒಣಗಿದ ಮೇಲೆ, ಇಟ್ಟಿಗೆ ಕಟ್ಟುವ ಹಾಗೆ ಸಂದು ತಪ್ಪಿಸಿ ಹಲಗೆ ಜೋಡಿಸಿ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಜಾಲರಿ ಇಟ್ಟ ಎರಡಿಂಚು ಕಾಂಕ್ರೀಟು, ಬಿಳಿ ಟೈಲ್ಸ್. ನೀರು ಕೊಳವೆಯತ್ತ ಹರಿಯುವ ಇಳಿಜಾರು ಇರಲಿ. ಇದೆಲ್ಲ ಸೇರಿ ಚದರಡಿಗೆ ಹತ್ತು ಕೆ.ಜಿ.ಗೂ ಹೆಚ್ಚು ಭಾರ. ಸ್ಲ್ಯಾಬ್ ಹಳೆಯದಾಗಿ, ಕಂಬಿ ತುಕ್ಕು ಹಿಡಿದು ಗಾರೆ ಉದುರುತ್ತಿದ್ದರೆ ಎಂಜಿನಿಯರ್ ನೋಡುವವರೆಗೆ ಮುಂದುವರಿಯಬೇಡಿ.

ಬಬಲ್ ಶೀಟ್ ಅಂಗಡಿಯವರು ಉರಿಯುವ ಬಲ್ಬಿನ ಮುಂದೆ ಶೀಟ್ ಹಿಡಿದು, ಹಿಂದೆ ನಿಮ್ಮ ಕೈ ಇಡಿಸಿ, ‘ಬಿಸಿ ತಾಗುತ್ತಾ?’ ಅಂತ ಕೇಳಿರಬೇಕು. ಎಲ್ಲ ಕಡೆ ಅದೇ ಆಟ! ಬಲ್ಬಿಗೂ ಶೀಟಿಗೂ ನಡುವೆ ಗಾಳಿ ಇದೆ, ಅದಕ್ಕೇ ಅಲ್ಲಿ ಅದು ಗೆಲ್ಲುತ್ತದೆ. ಒಂದು ಬದಿ ಸ್ಲ್ಯಾಬಿಗೆ ಅಂಟಿಸಿ, ಇನ್ನೊಂದು ಬದಿಗೆ ಪಿಒಪಿ ಮೆತ್ತಿದರೆ ಹೊಳಪಿಗೆ ಕೆಲಸವೇ ಇಲ್ಲ.

ಆದರೆ ಶೆಡ್ಡಿಗೆ ಅದೇ ಶೀಟ್ ಸರಿ. ಪತ್ರಾಸಿನ ಮೇಲೆ ಬಿಳಿ ಬಣ್ಣ, ಕೆಳಗೆ ತಂತಿ ಜಾಲರಿ ಬಿಗಿದು ಶೀಟ್ ಹಾಸಿ, ಪತ್ರಾಸಿಗೂ ಅದಕ್ಕೂ ಕನಿಷ್ಠ ಒಂದಿಂಚು ಬಿಡಿ. ಒಂದೇ ಬದಿ ಹೊಳಪಿದ್ದರೆ ಅದು ಕೆಳಮುಖವಾಗಿರಲಿ, ಮೇಲ್ಮುಖಕ್ಕೆ ದೂಳು ಕೂತು ಹೊಳಪು ಹೋಗುತ್ತದೆ. ಗಾಳಿಯಾಡುವ ಶೆಡ್ಡಿನಲ್ಲಿ ಗ್ಲಾಸ್ ವೂಲ್ ತುಂಬಿಸುವುದು ದುಡ್ಡು ದಂಡ. ಪೆಟ್ರೋಲು, ವೈರು ಇರುವ ಕಡೆ ತೆರೆದ ಥರ್ಮಾಕೋಲ್ ಅಂತೂ ಬೇಡವೇ ಬೇಡ, ಬೆಂಕಿ ಬೇಗ ಹಿಡಿಯುತ್ತದೆ. ಇನ್ವರ್ಟರ್ ಬ್ಯಾಟರಿ ಕಾದಷ್ಟೂ ಬೇಗ ಸಾಯುತ್ತದೆ, ಅದನ್ನು ಪಶ್ಚಿಮದ ಗೋಡೆಯಿಂದ ದೂರ, ಗಾಳಿ ಬರುವಲ್ಲಿ ಇಡಿ.