ಪ್ರಿಂಟರ್ ತಂತ್ರಾಂಶ ಹಾಕುವಾಗ ಅರ್ಧಕ್ಕೇ ನಿಲ್ಲುತ್ತಿದೆ, ಆ್ಯಂಟಿವೈರಸ್ ಆಫ್ ಮಾಡಬೇಕೇ?

ದಯವಿಟ್ಟು ಮಾಡಬೇಡಿ. ಕಳ್ಳ ತಂತ್ರಾಂಶ ಹಂಚುವ ತಾಣಗಳು ಮೊದಲು ಹೇಳುವ ಮಾತೇ ಅದು. ನಿಮ್ಮ ತೊಂದರೆಯ ಮೂಲ ಬೇರೆ ಕಡೆ ಇದೆ. ಡೌನ್‌ಲೋಡ್ ಆದ ಜಿಪ್ (ಹಲವು ಕಡತಗಳನ್ನು ಒತ್ತಿ ಕಟ್ಟಿದ ಗಂಟು) ತೆರೆದು, ಒಳಗಿದ್ದ ಸೆಟಪ್ ಮೇಲೆ ಡಬಲ್ ಕ್ಲಿಕ್ ಮಾಡಿದಿರಿ, ಅದಕ್ಕೆ ಬೇಕಾದ 'ಡೇಟಾ1.ಕ್ಯಾಬ್' ಎಂಬ ಕಡತ ಸಿಗುತ್ತಿಲ್ಲ ಎಂದು ಅದು ನಿಂತಿತು ಎಂದಿದ್ದೀರಿ. ಆ ಸಾಲಿನಲ್ಲೇ ಉತ್ತರವಿದೆ.

ವಿಂಡೋಸ್‌ನಲ್ಲಿ ಜಿಪ್ ಕಡತ ಫೋಲ್ಡರಿನ ಹಾಗೆಯೇ ತೆರೆದುಕೊಳ್ಳುವುದರಿಂದ ಎಲ್ಲರೂ ಅಲ್ಲೇ ಎಡವುತ್ತಾರೆ. ನಿಜದಲ್ಲಿ ಗಂಟು ಇನ್ನೂ ಬಿಚ್ಚಿರುವುದಿಲ್ಲ. ನೀವು ಸೆಟಪ್ ಒತ್ತಿದಾಗ ವಿಂಡೋಸ್ ಅದೊಂದನ್ನೇ ಹೊರಗೆಳೆದು ತಾತ್ಕಾಲಿಕ ಕಡತಗಳ ಟೆಂಪ್ ಫೋಲ್ಡರಿನಲ್ಲಿಟ್ಟು ಓಡಿಸುತ್ತದೆ. ಸೆಟಪ್ ತನ್ನ ಪಕ್ಕದಲ್ಲಿ ಡೇಟಾ1.ಕ್ಯಾಬ್ ಇದೆಯೇ ಎಂದು ಹುಡುಕುತ್ತದೆ. ಅದಾದರೋ ಗಂಟಿನೊಳಗೇ ಉಳಿದಿದೆ. ಕ್ಲಿಕ್ ಮಾಡಿದ ಕ್ಷಣ ಚಿಕ್ಕ ಕಿಟಕಿಯೊಂದು ಬಂದು 'ಎಕ್ಸ್‌ಟ್ರಾಕ್ಟ್ ಆಲ್', 'ರನ್', 'ಕ್ಯಾನ್ಸಲ್' ಎಂದು ಕೇಳಿರಬೇಕು. ನನ್ನ ಡಿಟಿಪಿ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಅಲ್ಲಿ 'ರನ್' ಒತ್ತಿಯೇ ಬಂದಿರುತ್ತಾರೆ.

ಜಿಪ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಎಕ್ಸ್‌ಟ್ರಾಕ್ಟ್ ಆಲ್' ಆರಿಸಿ, ಸಿ ಡ್ರೈವ್‌ನಲ್ಲೇ ಒಂದು ಹೊಸ ಫೋಲ್ಡರಿಗೆ ಬಿಚ್ಚಿ. ಫೋಲ್ಡರಿನೊಳಗೆ ಫೋಲ್ಡರ್ ಎಂದು ಆಳಕ್ಕೆ ಹೋದರೆ ಕಡತವಿರುವ ದಾರಿಯ ಪೂರ್ತಿ ಹೆಸರು (ಪಾತ್) 260 ಅಕ್ಷರ ಮೀರಿ ಬೇರೊಂದು ತಕರಾರು ಶುರುವಾಗಬಹುದು. ಫೋಲ್ಡರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ. ಕನ್ನಡದಲ್ಲೇ ಎಲ್ಲ ಕೆಲಸ ಮಾಡುವ ನನಗೆ ಇದನ್ನು ಹೇಳಲು ಬೇಸರವಾಗುತ್ತದೆ. ಆದರೆ ಒಮ್ಮೆ 'ಹೊಸ ಸ್ಕ್ಯಾನರ್' ಎಂದು ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರಿನಿಂದ ಹಳೆಯ ಸೆಟಪ್ ಒಂದನ್ನು ಓಡಿಸಲು ಹೋಗಿ ಅರ್ಧ ದಿನ ಕಳೆದಿದ್ದೇನೆ. ದೋಷದ ಸಂದೇಶದಲ್ಲಿ ಫೋಲ್ಡರಿನ ಹೆಸರಿದ್ದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು, ಸಾಲಾಗಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಅರಿಯದ ಹಳೆಯ ಇನ್‌ಸ್ಟಾಲರ್‌ಗಳಿಗೆ ನಮ್ಮ ಅಕ್ಷರ ಓದಲು ಬರುವುದಿಲ್ಲ.

ಓಡಿಸುವ ಮುನ್ನ ಒಂದು ನಿಮಿಷ ಕೊಡಿ. ಈ ಜಿಪ್ ಪ್ರಿಂಟರ್ ತಯಾರಕರ ತಾಣದಿಂದಲೇ ಬಂದದ್ದೇ, ಅಥವಾ ಹುಡುಕಾಟದಲ್ಲಿ ಮೇಲೆ ಕಂಡ ಯಾವುದೋ 'ಡ್ರೈವರ್ ಡೌನ್‌ಲೋಡ್' ತಾಣದಿಂದಲೇ? (ಪ್ರಿಂಟರನ್ನು ಕಂಪ್ಯೂಟರ್ ನಡೆಸಲು ಬೇಕಾದ ತಂತ್ರಾಂಶವೇ ಡ್ರೈವರ್.) ಎರಡನೆಯದಾದರೆ ಅಳಿಸಿಬಿಡಿ. ಬಿಚ್ಚಿದ ಸೆಟಪ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್'ಗೆ ಹೋದರೆ 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಪುಟ ಇರುತ್ತದೆ. ಅಲ್ಲಿ ತಯಾರಕರ ಹೆಸರು ಕಾಣಬೇಕು. ಓಡಿಸಿದಾಗ ಪರದೆ ಮಬ್ಬಾಗಿ ಅನುಮತಿ ಕೇಳುವ ಕಿಟಕಿ ಬರುತ್ತದಲ್ಲ, ಅದರಲ್ಲೂ ಇದೇ ಹೆಸರು ಬರುತ್ತದೆ. ಹಳದಿ ಪಟ್ಟಿಯೊಂದಿಗೆ 'ಅನ್‌ನೋನ್' ಎಂದು ಬಂದರೆ 'ನೋ' ಒತ್ತಿ, ಕಡತ ಎಲ್ಲಿಂದ ಬಂತೆಂದು ಮತ್ತೊಮ್ಮೆ ನೋಡಿ.

ವಿಂಡೋಸ್ 10 ಆದರೆ 32 ಬಿಟ್ ಅಥವಾ 64 ಬಿಟ್ ಎಂಬುದನ್ನು ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ನಲ್ಲಿ ನೋಡಿಕೊಳ್ಳಿ, ಇಳಿಸಿಕೊಂಡ ಡ್ರೈವರ್ ಅದಕ್ಕೆ ಹೊಂದುವಂಥದ್ದೇ ಆಗಿರಬೇಕು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ.

ಪ್ರಿಂಟರಿನ ಯುಎಸ್‌ಬಿ ಕೇಬಲನ್ನು ಈಗಲೇ ಚುಚ್ಚಿಟ್ಟಿದ್ದರೆ ತೆಗೆಯಿರಿ. ಎಷ್ಟೋ ಪ್ರಿಂಟರ್‌ಗಳ ಸೆಟಪ್ ತಾನೇ ನಡುವೆ 'ಈಗ ಜೋಡಿಸಿ' ಎನ್ನುತ್ತದೆ, ಅಲ್ಲಿಯವರೆಗೆ ಕಾಯಬೇಕು. ಮೊದಲೇ ಜೋಡಿಸಿದರೆ ವಿಂಡೋಸ್ ತನ್ನಲ್ಲಿರುವ ಯಾವುದೋ ಸಾಮಾನ್ಯ ಡ್ರೈವರ್ ಹಾಕಿಬಿಡಬಹುದು. ಆಮೇಲೆ ಅಚ್ಚೇನೋ ಬರುತ್ತದೆ, ಸ್ಕ್ಯಾನ್ ಆಗುವುದಿಲ್ಲ. 'ಕಸ್ಟಮ್' ಎಂಬ ಆಯ್ಕೆ ಕಂಡರೆ ಅದನ್ನೇ ಹಿಡಿಯಿರಿ. ಫೋಟೊ ಆಲ್ಬಮ್, ಶಾಯಿ ಕೊಳ್ಳುವ ಕೊಂಡಿ ಇಂಥವುಗಳ ಗುರುತು ತೆಗೆದು, ಡ್ರೈವರ್ ಮತ್ತು ಸ್ಕ್ಯಾನರ್ ಎರಡನ್ನೇ ಉಳಿಸಿಕೊಳ್ಳಿ.

ಇಷ್ಟಾದ ಮೇಲೂ ನಿಂತರೆ, ಪರದೆಯಲ್ಲಿ ಬಂದ ಸಾಲನ್ನು ಒಂದಕ್ಷರವೂ ಬಿಡದೆ, ಪ್ರಿಂಟರಿನ ಮಾದರಿ ಸಂಖ್ಯೆಯ ಜೊತೆಗೆ ಇಲ್ಲಿ ಬರೆಯಿರಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ನೋಡುತ್ತೇನೆ.